ಎರಡೂ ಕಡೆ ಫೀಸಿಲ್ಲ, ಹಾಗಾದರೆ ಎಲ್ಲಿಗೆ?

ಎರಡು ಪತ್ರ ಒಂದೇ ವಾರದಲ್ಲಿ ಬಂದವು. ಒಂದು ಬೆಂಗಳೂರಿನ ಕಾನೂನು ಕಾಲೇಜಿನದು, ಇನ್ನೊಂದು ಎರ್ನಾಕುಳಂ ಕಡೆಯದು. ಎರಡರಲ್ಲೂ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಪೂರ್ತಿ ಸ್ಕಾಲರ್‌ಶಿಪ್. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಎಕರೆಗೂ ಕಮ್ಮಿ ಅಡಿಕೆ ತೋಟ ಇರುವ ಮನೆಗೆ ಅದು ಎಷ್ಟು ದೊಡ್ಡ ವಿಷಯ ಅಂತ ನಾನು ವಿವರಿಸಬೇಕಾಗಿಲ್ಲ. ಅಮ್ಮ ದೇವರ ಮುಂದೆ ಎರಡೂ ಪತ್ರ ಇಟ್ಟು ದೀಪ ಹಚ್ಚಿದರು. ಉತ್ತರ ಕೊಡಲು ನನಗೆ ಹತ್ತು ದಿನ ಇತ್ತು.

ಕೇಳಿದವರೆಲ್ಲ ಬೆಂಗಳೂರು ಅಂದರು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ, ಕನ್ನಡದ ಊರಿಗೆ ಹೋಗಲಿ ಅಂತ. ನನ್ನ ಮನಸ್ಸೂ ಅಲ್ಲೇ ಇತ್ತು. ದೊಡ್ಡ ವಕೀಲರು, ಹೈಕೋರ್ಟು, ಕಂಪನಿಗಳು, ಎಲ್ಲ ಅಲ್ಲಿವೆ. ಊರಿಗೆ ಬರಲು ಕಣ್ಣೂರಿಗೆ ಹೋಗುವ ರಾತ್ರಿ ರೈಲೂ ಇದೆ.

ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಪೂರ್ತಿ ಅಂದರೆ ಎಂತ ಮಗಾ? ಊಟಕ್ಕೂ ಉಂಟಾ?"

ಆ ರಾತ್ರಿ ಪತ್ರಗಳನ್ನು ಮೊದಲ ಸಲ ಸರಿಯಾಗಿ ಓದಿದೆ. ಬೆಂಗಳೂರಿನವರು ಟ್ಯೂಷನ್ ಫೀಸು, ಹಾಸ್ಟೆಲ್, ಮೆಸ್ ಮೂರನ್ನೂ ಕೊಡುತ್ತಿದ್ದರು. ಎರ್ನಾಕುಳಂನವರು ಟ್ಯೂಷನ್ ಮತ್ತು ಹಾಸ್ಟೆಲ್ ಮಾತ್ರ. ಮೆಸ್ ನಾವೇ ಕಟ್ಟಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ಬೆಂಗಳೂರೇ ಗೆಲ್ಲುತ್ತಿತ್ತು. ಆದರೆ ಬೆಂಗಳೂರಿನ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲು ಇತ್ತು. ಪ್ರತಿ ವರ್ಷ ಹತ್ತಕ್ಕೆ ಏಳೂವರೆ ಸಿಜಿಪಿಎ ಬರಬೇಕು, ಒಂದು ಪೇಪರೂ ಹೋಗಬಾರದು. ಇಲ್ಲದಿದ್ದರೆ ಮುಂದಿನ ವರ್ಷದಿಂದ ಪೂರ್ತಿ ಫೀಸು. ಎರ್ನಾಕುಳಂನ ಪತ್ರದಲ್ಲಿದ್ದ ಷರತ್ತು ಪಾಸಾಗಬೇಕು ಅನ್ನುವುದೊಂದೇ.

ಏಳೂವರೆ ಕೇಳಲು ಕಷ್ಟದ ಅಂಕ ಅನಿಸುವುದಿಲ್ಲ. ಪ್ಲಸ್ ಟುವಿನಲ್ಲಿ (ಅಲ್ಲಿನ ಪಿಯುಸಿ) ಒಳ್ಳೆಯ ಅಂಕ ತೆಗೆದ ಯಾರಿಗೂ ಅನಿಸುವುದಿಲ್ಲ. ಹಾಗಾಗಿ ಕಾಲೇಜಿನ ಆಫೀಸಿಗೆ ಫೋನ್ ಮಾಡಿ, ಈ ಸ್ಕಾಲರ್‌ಶಿಪ್ ಪಡೆದವರಲ್ಲಿ ಐದನೇ ವರ್ಷದವರೆಗೂ ಉಳಿಸಿಕೊಂಡವರು ಎಷ್ಟು ಜನ ಅಂತ ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ಮೂರು ದಿನ ಹುಡುಕಿ ಅಲ್ಲಿನ ನಾಲ್ಕನೇ ವರ್ಷದ ಒಬ್ಬ ಅಕ್ಕನನ್ನು ಹಿಡಿದೆ. ಅವರ ಬ್ಯಾಚಿನಲ್ಲಿ ಆರು ಜನರಿಗೆ ಕೊಟ್ಟಿದ್ದರಂತೆ. ಉಳಿದವರು ಇಬ್ಬರು. "ಅಲ್ಲಿ ಎಲ್ಲರೂ ಚೆನ್ನಾಗಿ ಓದುವವರೇ. ಗ್ರೇಡು ಕೊಡುವುದು ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಿ. ಮೊದಲ ಸೆಮಿಸ್ಟರ್ ಇಂಗ್ಲಿಷಿಗೆ ಹೊಂದಿಕೊಳ್ಳುವುದರಲ್ಲೇ ಹೋಗುತ್ತದೆ" ಅಂದರು. ಆ ಫೋನು ನನಗೆ ಎರಡೂ ಪತ್ರಗಳಿಗಿಂತ ಜಾಸ್ತಿ ಕಲಿಸಿತು.

ಇನ್ನೂ ಒಂದು ವಿಷಯ ಆಗಲೇ ಗೊತ್ತಾದದ್ದು. ಐದು ವರ್ಷದ ಜೋಡಿ ಪದವಿಯನ್ನು ಮಧ್ಯದಲ್ಲಿ ಬಿಟ್ಟರೆ, ಮೂರು ವರ್ಷ ಆಯಿತಲ್ಲ ಅಂತ ಬಿಎ ಕೊಡುವುದಿಲ್ಲ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲಿನ 2008ರ ನಿಯಮವೇ ಹಾಗಿದೆ. ಅಂದರೆ ಮೂರನೇ ವರ್ಷ ಸ್ಕಾಲರ್‌ಶಿಪ್ ತಪ್ಪಿ, ಫೀಸು ಕಟ್ಟಲಾಗದೆ ಹೊರಗೆ ಬಂದರೆ ಕೈಯಲ್ಲಿ ಯಾವ ಪದವಿಯೂ ಇಲ್ಲ. ಹಾಗೇನಾದರೂ ಆದರೆ ಅಪ್ಪ ಸಾಲ ಮಾಡುತ್ತಾರೆ, ಅದು ನನಗೆ ಗೊತ್ತಿತ್ತು. ಕೊಳೆರೋಗ ಬಂದ ವರ್ಷದ ಅಡಿಕೆ ಲೆಕ್ಕ ನೋಡಿದವಳು ನಾನು.

ಮೆಸ್ಸಿನ ದುಡ್ಡಿಗೂ ಲೆಕ್ಕ ಹಾಕಿದೆವು. ಅದೇ ನಿಯಮದಲ್ಲಿ ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಅಂತ ಇದೆ. ಅದರ ಊಟ, ಬಸ್ಸು, ರೂಮು ಯಾವ ಸ್ಕಾಲರ್‌ಶಿಪ್ಪಿನಲ್ಲೂ ಇರಲಿಲ್ಲ. ಕಾಸರಗೋಡಿನಲ್ಲೇ ಒಬ್ಬ ವಕೀಲರ ಆಫೀಸಿನಲ್ಲಿ ಒಂದಷ್ಟು ವಾರ ಮಾಡಿದರೆ ಮನೆಯಿಂದಲೇ ಹೋಗಿ ಬರಬಹುದು, ಉಳಿದ ದುಡ್ಡು ಮೆಸ್ಸಿಗಾಗುತ್ತದೆ. ಎರಡು ವರ್ಷ ನಾನು ಹಾಗೆಯೇ ಮಾಡಿದೆ.

ದುಡ್ಡಿನ ಲೆಕ್ಕ ಇಷ್ಟೇ. ಆದರೆ ನನ್ನ ಮನಸ್ಸು ತಿರುಗಿಸಿದ್ದು ದುಡ್ಡಲ್ಲ.

ಅದೇ ವಾರ ಪಕ್ಕದ ಮನೆಯ ಅಜ್ಜನಿಗೆ ಜಾಗದ ವಿಷಯದಲ್ಲಿ ಒಂದು ನೋಟೀಸು ಬಂತು. ಪೂರ್ತಿ ಮಲಯಾಳದಲ್ಲಿ. ಅಜ್ಜನ ಹತ್ತಿರ ಇದ್ದ ಆಧಾರ, ಅಂದರೆ ಜಾಗದ ದಾಖಲೆ ಪತ್ರ, ಹಳೆಯದು, ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು, ಕನ್ನಡದಲ್ಲಿ. ಮೂಲಗೇಣಿ, ಕುಮ್ಕಿ, ವರ್ಗ ಅಂತೆಲ್ಲ ಜಾಗದ ಹಕ್ಕಿನ ಹಳೆಯ ಮಾತುಗಳು ಬರೆದಿದ್ದವು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಅಂದಿನಿಂದ ಕಾಗದದ ಭಾಷೆ ಬದಲಾಯಿತು, ಆಧಾರ ಮಾತ್ರ ಹಾಗೆಯೇ ಉಳಿಯಿತು. ನನಗೆ ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿದ್ದದ್ದು ನಿಧಾನಕ್ಕೆ. ನೋಟೀಸಿನ ಅರ್ಧ ಮಾತ್ರ ಅರ್ಥವಾಯಿತು. ಅಜ್ಜ ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದರು.

ನಾನು ಎಲ್ಲಿ ವಕೀಲಿಕೆ ಮಾಡುತ್ತೇನೆ ಅನ್ನುವುದು ಆಗ ಸ್ಪಷ್ಟವಾಯಿತು. ಕಾಸರಗೋಡಿನ ಕೋರ್ಟು. ಅಲ್ಲಿ ಎಫ್‌ಐಆರ್, ಸಾಕ್ಷಿಯ ಹೇಳಿಕೆ, ವಿಲೇಜ್ ಆಫೀಸಿನ ಕಾಗದ ಹೆಚ್ಚಿನವು ಮಲಯಾಳದಲ್ಲೇ ಇರುತ್ತವೆ. ಕಾನೂನಿನ ಮಲಯಾಳ ಬಾರದ ಕನ್ನಡದ ವಕೀಲೆಯಿಂದ ಆ ಅಜ್ಜನಿಗೆ ಎಷ್ಟು ಉಪಯೋಗ? ಐದು ವರ್ಷ ಮಲಯಾಳ ಮಾತಾಡುವವರ ನಡುವೆ ಓದಿದರೆ ಅದು ಬರುತ್ತದೆ. ಕನ್ನಡವನ್ನು ನಾನು ಮನೆಯಿಂದಲೇ ತೆಗೆದುಕೊಂಡು ಹೋಗುತ್ತೇನೆ, ಅಲ್ವಾ?

ಒಂಬತ್ತನೇ ದಿನ ಎರ್ನಾಕುಳಂಗೆ ಒಪ್ಪಿಗೆ ಬರೆದೆ. ಬೆಂಗಳೂರಿನವರಿಗೂ ಅದೇ ದಿನ ಬೇಡ ಅಂತ ತಿಳಿಸಿದೆ. ಆ ಜಾಗಕ್ಕೆ ಕಾಯುವ ಇನ್ನೊಂದು ಮನೆ ಇರುತ್ತದೆ, ಸುಮ್ನೆ ಇಟ್ಟುಕೊಳ್ಳಬಾರದು.

ಮೊದಲ ವರ್ಷ ಕಷ್ಟವೇ ಆಯಿತು. ಸಿಜಿಪಿಎ ಆರೂ ಮುಕ್ಕಾಲು ಬಂತು. ಬೆಂಗಳೂರಿನಲ್ಲಿ ಅಷ್ಟೇ ಬಂದಿದ್ದರೆ ಸ್ಕಾಲರ್‌ಶಿಪ್ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಪಾಸಾಗಿದ್ದೆ, ಹಾಗಾಗಿ ಮುಂದುವರಿಯಿತು. ಸಂಜೆ ಲೈಬ್ರರಿಯಲ್ಲಿ ಮಲಯಾಳ ಪತ್ರಿಕೆಯನ್ನು ಜೋರಾಗಿ ಓದುತ್ತಿದ್ದೆ, ರೂಮಿನ ಗೆಳತಿ ತಿದ್ದುತ್ತಿದ್ದಳು. ಅವಳು ತ್ರಿಶ್ಶೂರಿನವಳು. ಎರಡನೇ ವರ್ಷ ಅವಳಿಗೆ ನಾನು ಕನ್ನಡ ಅಕ್ಷರ ಕಲಿಸಿದೆ.

ನಮ್ಮ ಗಡಿಯ ಮಕ್ಕಳಿಗೆ ಒಂದು ಮಾತು, ಇದು ನನಗೆ ತಡವಾಗಿ ತಿಳಿದದ್ದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಿರುವ ಸೀಟಿಗೆ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಕನ್ನಡ ಮಾತೃಭಾಷೆ ಆದರೆ ಸಾಲದು. ಕ್ಲಾಟ್ (ರಾಷ್ಟ್ರೀಯ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ) ಫಾರ್ಮ್ ತುಂಬುವ ಮೊದಲು ಯಾವ ಕಾಲೇಜಿನಲ್ಲಿ ನಿಮ್ಮನ್ನು ಯಾವ ರಾಜ್ಯದವರೆಂದು ಲೆಕ್ಕ ಹಾಕುತ್ತಾರೆ ಅಂತ ನೋಡಿಕೊಳ್ಳಿ. ಪತ್ರ ಬಂದ ಮೇಲೆ ಷರತ್ತಿನ ಸಾಲನ್ನು ಮನೆಯವರಿಗೆ ನಿಮ್ಮ ಭಾಷೆಯಲ್ಲಿ ಓದಿ ಹೇಳಿ. ಅವರು ಕೇಳುವ ಪ್ರಶ್ನೆಯನ್ನೇ ಆಫೀಸಿಗೆ ಇಮೇಲಿನಲ್ಲಿ ಬರೆದು ಉತ್ತರ ತರಿಸಿಕೊಳ್ಳಿ.

ನಾನು ವಕೀಲೆಯಾಗಿ ಊರಿಗೆ ಬಂದ ವರ್ಷ ಅಜ್ಜನ ಕೇಸು ಇನ್ನೂ ನಡೆಯುತ್ತಿತ್ತು. ಸೀನಿಯರ್ ಜೊತೆ ಆ ಫೈಲು ನನ್ನ ಕೈಗೆ ಬಂತು. ಹಳೆಯ ಆಧಾರವನ್ನು ಸಾಲುಸಾಲಾಗಿ ಮಲಯಾಳಕ್ಕೆ ಬರೆದೆ. ಬರೆದದ್ದನ್ನು ಅಜ್ಜನ ಜಗಲಿಯಲ್ಲಿ ಕುಳಿತು ಮತ್ತೆ ಕನ್ನಡದಲ್ಲಿ ಹೇಳಿದೆ. ಒಂದು ಕಡೆ ಅವರು ತಡೆದರು. "ಅದು ತೋಡಿನ ಆಚೆ ಅಲ್ಲ ಮಗಾ, ಈಚೆ." ಅವರು ಹೇಳಿದ್ದೇ ಸರಿ ಇತ್ತು. ತಿದ್ದಿಕೊಂಡೆ.