ವೈರ್‌ಲೆಸ್ ಕೀಬೋರ್ಡ್-ಮೌಸ್: ಡಬ್ಬಿ ರದ್ದಿಗೆ ಹಾಕುವ ಮೊದಲು ಮಾಡಬೇಕಾದ ಪರೀಕ್ಷೆಗಳು

ವೈರ್‌ಲೆಸ್ ಕೀಬೋರ್ಡ್-ಮೌಸ್ ಜೋಡಿ ತಂದವರು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಸೆಲ್ ಹಾಕುತ್ತಾರೆ, ಡಾಂಗಲ್ ಅನ್ನು (ಸಂಕೇತ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು) ಸಿಪಿಯು ಹಿಂಭಾಗದಲ್ಲಿ ಕೈಗೆ ಸಿಕ್ಕ ಪೋರ್ಟಿಗೆ ತುರುಕುತ್ತಾರೆ, ಪರದೆಯ ಮೇಲೆ ಬಾಣ ಓಡಾಡಿತೆಂದರೆ ಮುಗಿಯಿತು. ಹದಿನೈದು ದಿನ ಕಳೆದ ಮೇಲೆ ಅಕ್ಷರ ತಪ್ಪುತ್ತದೆ, ಮೌಸ್ ತಡವರಿಸುತ್ತದೆ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ದಾಟಿರುತ್ತದೆ. ಆನ್‌ಲೈನ್ ಖರೀದಿಯಲ್ಲಿ ಈ ಗಡುವು ಹೆಚ್ಚಾಗಿ 7 ಅಥವಾ 10 ದಿನ. ಅದರೊಳಗೆ ಒಂದು ಸಂಜೆ ಕೂತು ಪರೀಕ್ಷಿಸಿದರೆ ಸೆಟ್ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಇತ್ಯರ್ಥವಾಗುತ್ತದೆ. ಬೇಕಾದ ಸಾಮಾನು: ಹೊಸ ಆಲ್ಕಲೈನ್ ಸೆಲ್, ಅರ್ಧ ಅಥವಾ ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್, ನಾಲ್ಕೈದು ಜಿಬಿಯಷ್ಟು ಫೈಲ್ ಇರುವ ಯುಎಸ್‌ಬಿ 3 ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್.

ಅಂಗಡಿಯಲ್ಲಿ

ಮನೆಯ ಡೆಸ್ಕ್‌ಟಾಪ್‌ಗಾದರೆ ಡಾಂಗಲ್ ಇರುವುದನ್ನೇ ಕೊಳ್ಳಿ, ಬರೀ ಬ್ಲೂಟೂತ್‌ನದು ಬೇಡ. ಬಿಡಿಭಾಗ ಜೋಡಿಸಿ ಮಾಡಿಸಿದ ಎಷ್ಟೋ ಸಿಪಿಯುಗಳಲ್ಲಿ ಬ್ಲೂಟೂತ್ ಇರುವುದಿಲ್ಲ. ಇದ್ದರೂ ವಿಂಡೋಸ್ ಪೂರ್ತಿ ಏಳುವ ತನಕ ಆ ಕೀಬೋರ್ಡ್ ಹೆಚ್ಚಿನ ಕಂಪ್ಯೂಟರುಗಳಿಗೆ ಕಾಣಿಸದು. ವಿಂಡೋಸ್ ಕೆಟ್ಟು ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಹೋಗಬೇಕಾದ ದಿನ ಡಿಲೀಟ್ ಅಥವಾ ಎಫ್2 ಕೀ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಡಾಂಗಲ್‌ಗೆ ಈ ತೊಂದರೆಯಿಲ್ಲ. ಕಂಪ್ಯೂಟರಿನ ಕಣ್ಣಿಗೆ ಅದು ವೈರ್ ಇರುವ ಕೀಬೋರ್ಡಿನಂತೆಯೇ.

ಡಬ್ಬಿಯ ಮೇಲಿನ ಚೀಟಿ ಓದಿ. ವೈರ್‌ಲೆಸ್ ಕೀಬೋರ್ಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. 2012ರ ಆದೇಶದ ಮೊದಲ ಪಟ್ಟಿಯಲ್ಲೇ ಅದಿದೆ. 'ಆರ್-' ಎಂದು ಶುರುವಾಗಿ ಎಂಟು ಅಂಕಿ ಇರುವ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು ಬರುತ್ತದೆ. ಆಮದುದಾರರ ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇವು ಯಾವುದೂ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ಬಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವವರು ಡಬ್ಬಿ ಬಿಚ್ಚಿಸಿ, ಒಳಗಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಅದಿಲ್ಲದೆ ಹೋದರೆ ವಾರಂಟಿ ಮಾತು ಅಲ್ಲಿಗೇ ಮುಗಿಯಿತು.

ಡಾಂಗಲ್ ಕಳೆದರೆ ಬದಲಿ ಸಿಗುತ್ತದೆಯೇ ಎಂದೂ ಕೇಳಿ. ಅಗ್ಗದ ಸೆಟ್‌ಗಳಲ್ಲಿ ಡಾಂಗಲ್ ಕಾರ್ಖಾನೆಯಲ್ಲೇ ಆ ಜೋಡಿಗೆ ಕಟ್ಟುಬಿದ್ದಿರುತ್ತದೆ, ಅದು ಹೋದರೆ ಎರಡೂ ಕಸ. ಲಾಜಿಟೆಕ್‌ನ ಕಿತ್ತಳೆ ನಕ್ಷತ್ರದ ಗುರುತಿರುವ ಯೂನಿಫೈಯಿಂಗ್ ರಿಸೀವರ್ (ಡಾಂಗಲ್‌ಗೆ ಅವರಿಟ್ಟ ಹೆಸರು) ಆದರೆ ಬೇರೆ ಕೊಂಡು ಜೋಡಿಸಬಹುದು, ಒಂದಕ್ಕೆ ಆರು ಸಾಧನದವರೆಗೆ. ಆದರೆ 2021ರಲ್ಲಿ ಬಂದ ಅದೇ ಕಂಪನಿಯ ಬೋಲ್ಟ್ ರಿಸೀವರ್‌ಗೂ ಯೂನಿಫೈಯಿಂಗ್ ಸಾಧನಗಳಿಗೂ ಹೊಂದಿಕೆಯಿಲ್ಲ. ಈ ವ್ಯತ್ಯಾಸ ತಿಳಿಯದೆ ತಪ್ಪು ರಿಸೀವರ್ ತರಿಸಿ ಕೂತವರು ಬಹಳ.

ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಮನೆಯಾದರೆ ಡಬ್ಬಿಯ ಮೇಲೆ 128 ಬಿಟ್ ಎಇಎಸ್ ಎನ್‌ಕ್ರಿಪ್ಷನ್ (ಒತ್ತಿದ ಕೀಯನ್ನು ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ) ಎಂದಿರಬೇಕು. ಗೂಢಲಿಪಿಯಿಲ್ಲದ ಡಾಂಗಲ್‌ಗಳಿಗೆ ದೂರದಿಂದಲೇ ಸುಳ್ಳು ಕೀ ಕಳಿಸಬಹುದು ಎಂಬುದು 2016ರಲ್ಲೇ 'ಮೌಸ್‌ಜ್ಯಾಕ್' ಹೆಸರಿನಲ್ಲಿ ಬಯಲಾಗಿದೆ.

ಕನ್ನಡ ಬರೆಯುವವರು ನೋಡಬೇಕಾದ ಕೀಗಳು

ಅಂದ ನೋಡಿ ಪುಟ್ಟ ಕೀಬೋರ್ಡ್ ಕೊಂಡು ಪರದಾಡುವವರಲ್ಲಿ ಕನ್ನಡ ಟೈಪ್ ಮಾಡುವವರೇ ಮೊದಲು. ಕನ್ನಡ ಕೀಗಳ ಎರಡು ಜೋಡಣೆಗಳಾದ ಕಗಪವಾಗಲಿ ಇನ್‌ಸ್ಕ್ರಿಪ್ಟ್ ಆಗಲಿ, ಮಹಾಪ್ರಾಣಕ್ಕೆ ಶಿಫ್ಟ್ ಬೇಕೇಬೇಕು: 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಕಗಪದಲ್ಲಿ ದೀರ್ಘಕ್ಕೂ ಶಿಫ್ಟೇ ಗತಿ. ಹಾಗಾಗಿ ಎಡ ಶಿಫ್ಟ್ ಪೂರ್ತಿ ಅಗಲ ಇರಬೇಕು. ಬ್ರಿಟನ್ನಿನ ವಿನ್ಯಾಸದ ಕೀಬೋರ್ಡ್‌ಗಳಲ್ಲಿ ಎಡ ಶಿಫ್ಟ್ ಮೋಟಾಗಿ, ಪಕ್ಕದಲ್ಲಿ ಇನ್ನೊಂದು ಕೀ ತೂರಿಕೊಂಡಿರುತ್ತದೆ. ಕಿರುಬೆರಳು ಪ್ರತಿಸಲ ಅದರ ಮೇಲೇ ಬೀಳುತ್ತದೆ. ಒತ್ತಕ್ಷರಕ್ಕೆ ಕಗಪದಲ್ಲಿ 'ಎಫ್' ಕೀ, ಇನ್‌ಸ್ಕ್ರಿಪ್ಟ್‌ನಲ್ಲಿ 'ಡಿ' ಕೀ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಅಪರೂಪ, ಆದ್ದರಿಂದ ಈ ಎರಡು ಕೀ ಗಟ್ಟಿಯಾಗಿ ಒತ್ತದಿದ್ದರೂ ಕೆಲಸ ಮಾಡಬೇಕು.

ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಆವೃತ್ತಿ ಬಳಸುವವರು ಸ್ಕ್ರೋಲ್ ಲಾಕ್ ಇದೆಯೇ ನೋಡಿಕೊಳ್ಳಿ, ಕನ್ನಡ-ಇಂಗ್ಲಿಷ್ ಬದಲಾಯಿಸಲು ಅದೇ ಬೇಕು. ಕಿರಿದಾದ ಸೆಟ್‌ಗಳಲ್ಲಿ ಅದನ್ನು ಮೊದಲು ಕಿತ್ತುಹಾಕಿರುತ್ತಾರೆ. ಎಫ್1ರಿಂದ ಎಫ್12ರವರೆಗಿನ ಕೀಗಳನ್ನು ನೇರವಾಗಿ ಒತ್ತಿದಾಗ ಧ್ವನಿ ಹೆಚ್ಚು-ಕಡಿಮೆ ಆಗುತ್ತಿದ್ದರೆ, ಅದನ್ನು ತಿರುಗಿಸುವ ಎಫ್ಎನ್ ಲಾಕ್ ಇದೆಯೇ ಎಂದು ಕೈಪಿಡಿಯಲ್ಲಿ ಹುಡುಕಿ. ಇಲ್ಲದಿದ್ದರೆ ಆ ಸೆಟ್ ಬೇಡ. ಬಲ ಆಲ್ಟ್ ಕೂಡ ಇರಲಿ: ವಿಂಡೋಸ್‌ನ 'ಇಂಗ್ಲಿಷ್ (ಇಂಡಿಯಾ)' ಆಯ್ಕೆಯಲ್ಲಿ ಬಲ ಆಲ್ಟ್ ಜೊತೆ 4 ಒತ್ತಿದರೆ ₹ ಬರುತ್ತದೆ. ಕ್ಯಾಪ್ಸ್ ಲಾಕ್, ನಮ್ ಲಾಕ್ ದೀಪಗಳನ್ನು ಸೆಲ್ ಉಳಿಸಲೆಂದು ಎಷ್ಟೋ ಕಂಪನಿಗಳು ಬಿಟ್ಟುಬಿಡುತ್ತವೆ. ಲೆಕ್ಕಪತ್ರ ಬರೆಯುವವರಿಗೆ ನಂಬರ್ ಪ್ಯಾಡ್ ಮತ್ತು ಆ ದೀಪ ಎರಡೂ ಬೇಕು.

ಡಾಂಗಲ್ ಎಲ್ಲಿ ಕೂರಬೇಕು

ಇನ್ನು ಮನೆಯ ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲೇ. ಸರಿಯಾಗಿಯೇ ಇರುವ ಸೆಟ್ ವಾಪಸ್ ಹೋಗುವುದೂ, ಕೆಟ್ಟದ್ದು ಮನೆಯಲ್ಲೇ ಉಳಿಯುವುದೂ ಈ ಹಂತವನ್ನು ಹಾರಿಸಿದ್ದರಿಂದ.

ಈ ಸೆಟ್‌ಗಳು ಕೆಲಸ ಮಾಡುವುದು 2.4 ಗಿಗಾಹರ್ಟ್ಜ್ ತರಂಗದಲ್ಲಿ. ಮನೆಯ ವೈ-ಫೈ ರೌಟರ್, ಬ್ಲೂಟೂತ್ ಹೆಡ್‌ಫೋನ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಗಲಾಟೆ ಮಾಡುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಯಾರೂ ಅನುಮಾನಿಸದ ಯುಎಸ್‌ಬಿ 3, ಅಂದರೆ ಒಳಗೆ ನೀಲಿ ಬಣ್ಣವಿರುವ ಪೋರ್ಟ್. ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಹರಿಯುವಾಗ ಆ ಪೋರ್ಟ್, ಕೇಬಲ್ ಮತ್ತು ಅದಕ್ಕೆ ಹಾಕಿದ ಪೆನ್‌ಡ್ರೈವ್‌ನಿಂದ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಜ್ ಮೇಲೂ ಹರಡುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಾಂಗಲ್ ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಮೌಸ್‌ನ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸಾಲದ್ದಕ್ಕೆ ಸಿಪಿಯು ಮೇಜಿನ ಕೆಳಗೆ, ಡಾಂಗಲ್ ಅದರ ಹಿಂದೆ, ನಡುವೆ ತಗಡಿನ ಪೆಟ್ಟಿಗೆ. ಡಬ್ಬಿಯ ಮೇಲೆ 10 ಮೀಟರ್ ಎಂದು ಬರೆದದ್ದು ಅಡ್ಡಿಯಿಲ್ಲದ ಬಯಲಿನ ಲೆಕ್ಕ.

ಪರೀಕ್ಷೆ ಮೂರು ಸುತ್ತು.

ಮೊದಲ ಸುತ್ತು: ಹೊಸ ಸೆಲ್ ಹಾಕಿ. ಡಾಂಗಲ್ ಅನ್ನು ಎಕ್ಸ್‌ಟೆನ್ಶನ್ ಕೇಬಲ್ ತುದಿಗೆ ಸಿಕ್ಕಿಸಿ, ಮೇಜಿನ ಮೇಲೆ ಮೌಸ್‌ನಿಂದ ಒಂದು ಗೇಣು ದೂರದಲ್ಲಿ ಇಡಿ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಯಾವುದೂ ಬೇಡ. ವಿಂಡೋಸ್‌ನ ಪೇಂಟ್ ತೆರೆದು, ಪೆನ್ಸಿಲ್ ಆರಿಸಿ, ಅರ್ಧ ನಿಮಿಷ ನಿಧಾನವಾಗಿ ದೊಡ್ಡ ಸುರುಳಿ ಬರೆಯಿರಿ. ನಿಧಾನ ಅಂದರೆ ನಿಧಾನವೇ. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ ತಾನು ಎಷ್ಟು ಸರಿದೆನೆಂದು ತಿಳಿಸುತ್ತದೆ. ಕೈ ಜೋರಾಗಿ ತಿರುಗಿಸಿದರೆ ಎಂಥ ಮೌಸ್ ಆದರೂ ಗೆರೆ ಮೂಲೆಮೂಲೆಯಾಗಿಯೇ ಬರುತ್ತದೆ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಹತ್ತು ಸಾಲು ಟೈಪ್ ಮಾಡಿ. ಇಲ್ಲಿಯೇ ಸುರುಳಿಯ ನಡುವೆ ನೇರ ಗೆರೆ ಬಂದರೆ, ಅಕ್ಷರ ಬಿಟ್ಟರೆ ಮುಂದಿನ ಸುತ್ತು ಬೇಡ, ಸೆಟ್ ಕೆಟ್ಟದ್ದು, ವಾಪಸ್ ಕಳಿಸಿ.

ಎರಡನೇ ಸುತ್ತು: ಡಾಂಗಲ್ ಅನ್ನು ನೀವು ದಿನವೂ ಇಡಬೇಕೆಂದಿರುವ ಪೋರ್ಟಿಗೆ ಸಿಕ್ಕಿಸಿ, ಸಿಪಿಯು ತನ್ನ ಮಾಮೂಲಿ ಜಾಗದಲ್ಲಿರಲಿ. ವೈ-ಫೈನಲ್ಲಿ ಒಂದು ವಿಡಿಯೊ ಓಡುತ್ತಿರಲಿ. ಅದೇ ಸುರುಳಿ, ಅದೇ ಹತ್ತು ಸಾಲು.

ಮೂರನೇ ಸುತ್ತು: ಡಾಂಗಲ್ ಪಕ್ಕದ ನೀಲಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿ, ದೊಡ್ಡ ಫೈಲ್ ಕಾಪಿಗೆ ಬಿಟ್ಟು, ಕಾಪಿ ನಡೆಯುತ್ತಿರುವಾಗಲೇ ಮತ್ತೆ ಬರೆಯಿರಿ.

ಫಲಿತಾಂಶ ಓದುವುದು ಹೀಗೆ. ಸುರುಳಿಯ ನಡುವೆ ಚಾಕುವಿನಿಂದ ಕೊಯ್ದಂತೆ ನೇರ ಗೆರೆ ಬಂದರೆ ಆ ಹೊತ್ತಿನ ಸಂದೇಶಗಳು ಕಳೆದುಹೋಗಿವೆ. ಪೇಂಟ್ ಕೊನೆಗೆ ಸಿಕ್ಕ ಎರಡು ಚುಕ್ಕಿಗಳನ್ನು ನೇರವಾಗಿ ಜೋಡಿಸಿದೆ. ನೋಟ್‌ಪ್ಯಾಡ್‌ನಲ್ಲಿ ಅಕ್ಷರ ಬಿಟ್ಟುಹೋಗಿದ್ದರೆ ಕೀ ಒತ್ತಿದ ಸುದ್ದಿ ತಲುಪಲಿಲ್ಲ. ಒಂದೇ ಅಕ್ಷರ 'ಕಕಕಕಕಕ' ಎಂದು ಸಾಲುಗಟ್ಟಿದ್ದರೆ ಕೀ ಬಿಟ್ಟ ಸುದ್ದಿ ತಲುಪಲಿಲ್ಲ, ನೀವಿನ್ನೂ ಒತ್ತಿಯೇ ಇದ್ದೀರಿ ಎಂದು ಕಂಪ್ಯೂಟರ್ ತಿಳಿದಿದೆ. ಕೀ ಸಿಕ್ಕಿಕೊಂಡಿದೆ ಎಂದು ಬೆಣ್ಣೆ ಚಾಕುವಿನಿಂದ ಮೀಟುವುದು ಬೇಡ.

ಮೊದಲ ಸುತ್ತಿನಲ್ಲಿ ಗೆದ್ದು ಮೂರನೆಯದರಲ್ಲಿ ಸೋತರೆ ತಪ್ಪು ಸೆಟ್‌ನದಲ್ಲ. ಡಾಂಗಲ್ ಅನ್ನು ಸಿಪಿಯು ಮುಂಭಾಗದ ಕಪ್ಪು ಅಥವಾ ಬಿಳಿ ಬಣ್ಣದ ಯುಎಸ್‌ಬಿ 2 ಪೋರ್ಟಿಗೆ ಹಾಕಿ. ಅಂಥದ್ದಿಲ್ಲದಿದ್ದರೆ ಎಕ್ಸ್‌ಟೆನ್ಶನ್ ಕೇಬಲ್‌ನಲ್ಲೇ ಕಾಯಂ ಇಡಿ. ನೂರಿನ್ನೂರು ರೂಪಾಯಿಯ ಆ ಕೇಬಲ್ ಮಾಡುವ ಉಪಕಾರವನ್ನು ದುಬಾರಿ ಸೆಟ್ ಕೂಡ ಮಾಡಲಾರದು. ಎರಡನೇ ಸುತ್ತಿನಲ್ಲೇ ಸೋತರೆ ಕೇಬಲ್ ಜೊತೆಗೆ ಕಂಪ್ಯೂಟರಿನ ವೈ-ಫೈ ಅನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿ ನೋಡಿ, ರೌಟರ್ ಅನ್ನು ಮೇಜಿನಿಂದ ದೂರ ಸರಿಸಿ.

ಕೀಗಳು

ಸ್ಪೇಸ್, ಎಂಟರ್, ಶಿಫ್ಟ್: ಈ ಉದ್ದದ ಕೀಗಳನ್ನು ನಡುವೆ ಅಲ್ಲ, ಎರಡೂ ತುದಿಯಲ್ಲಿ ಒತ್ತಿ. ಒಂದು ಬದಿ ವಾಲಿ ಸಿಕ್ಕಿಕೊಂಡರೆ ಒಳಗಿನ ಕಂಬಿ ಸರಿ ಕೂತಿಲ್ಲ. ನಡುಭಾಗ ಒತ್ತಿದಾಗ ಕೀಬೋರ್ಡ್ ಬಾಗುತ್ತದೆಯೇ ಎಂದೂ ನೋಡಿ.

ಇನ್ನೊಂದು ಪರೀಕ್ಷೆ ಬೇಗ ಟೈಪ್ ಮಾಡುವವರಿಗೆ. ಎರಡೂ ಶಿಫ್ಟ್ ಒತ್ತಿಹಿಡಿದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರವನ್ನೂ ಒಂದೊಂದಾಗಿ ಒತ್ತಿಸಿ ನೋಡಿ (ಇನ್ನೊಬ್ಬರ ಕೈ ಬೇಕಾಗಬಹುದು). ಕೆಲವು ಅಕ್ಷರ ಮೂಡುವುದೇ ಇಲ್ಲ. ಕೀಗಳ ಕೆಳಗಿನ ಹಾಳೆಯಲ್ಲಿ ತಂತಿಗಳು ಅಡ್ಡ-ಉದ್ದ ಸಾಲಾಗಿರುತ್ತವೆ. ಒಂದು ಚೌಕದ ಮೂರು ಮೂಲೆ ಒಟ್ಟಿಗೆ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಕಾಣುವುದರಿಂದ ಕೀಬೋರ್ಡ್ ಮೂರನೆಯದನ್ನು ತಡೆದುಬಿಡುತ್ತದೆ. ಎರಡು ಮೂರು ಅಕ್ಷರ ಹೋದರೆ ಚಿಂತೆಯಿಲ್ಲ. ಆದರೆ ಒಂದೇ ಶಿಫ್ಟ್ ಹಿಡಿದಾಗ ಯಾವ ಅಕ್ಷರವೂ ತಪ್ಪಕೂಡದು.

ಅಕ್ಷರದ ಬಣ್ಣ ಉಗುರಿಗೆ ತಾಕುವಷ್ಟು ಉಬ್ಬಿದ್ದರೆ ಬೇಗ ಅಳಿಸುತ್ತದೆ. ಕನ್ನಡದ ಅಂಟುಚೀಟಿ ಹಚ್ಚುವವರು ಮೊದಲು ಗಡುವು ಮುಗಿಯಲಿ ಬಿಡಿ, ಅಂಟಿಸಿದ್ದನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೌಸ್

ಕೈಗೆ ಒಗ್ಗುವುದೇ ಮುಖ್ಯ. ಮನೆಗೆಲಸಕ್ಕೆ 800ರಿಂದ 1600 ಡಿಪಿಐ (ಮೌಸ್ ಒಂದು ಅಂಗುಲ ಸರಿದಾಗ ಎಣಿಸುವ ಚುಕ್ಕಿಗಳು) ಧಾರಾಳ. ಅದಕ್ಕಿಂತ ದೊಡ್ಡ ಸಂಖ್ಯೆಗೆ ದುಡ್ಡು ಕೊಡಬೇಡಿ. ಗಾಜಿನ ಮೇಜಿನ ಮೇಲೆ ಓಡದಿದ್ದರೆ ದೂರಬೇಡಿ, ಮೌಸ್ ಕೆಳಗಿನ ನೆಲದ ಸಣ್ಣ ಗುರುತುಗಳ ಚಿತ್ರ ತೆಗೆದು ಚಲನೆ ಲೆಕ್ಕಹಾಕುತ್ತದೆ, ನುಣುಪು ಗಾಜಿನಲ್ಲಿ ಗುರುತೇ ಇಲ್ಲ. ಪ್ಯಾಡ್ ಹಾಕಿ.

ನೋಡಬೇಕಾದ್ದು ಎರಡು. ಒಂದು ಫೈಲ್ ಹಿಡಿದು, ಬೆರಳು ಸಡಿಲಿಸದೆ, ಪರದೆಯ ಸುತ್ತ ನಿಧಾನವಾಗಿ ಎರಡು ಸುತ್ತು ಎಳೆಯಿರಿ. ನಡುದಾರಿಯಲ್ಲಿ ಬಿದ್ದರೆ, ಅಥವಾ ಫೋಲ್ಡರ್ ಮೇಲೆ ಒಂದೇ ಸಲ ಒತ್ತಿದಾಗ ಅದು ತೆರೆದುಕೊಂಡರೆ ಒಳಗಿನ ಸ್ವಿಚ್ ನಡುಗುತ್ತಿದೆ. ಹೊಸದರಲ್ಲೇ ಹೀಗಿದ್ದರೆ ಮುಂದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಇನ್ನೊಂದು, ಉದ್ದದ ಪುಟ ತೆರೆದು ಚಕ್ರವನ್ನು ಒಂದೊಂದೇ ಹಲ್ಲಿನಂತೆ ಕೆಳಕ್ಕೆ ತಿರುಗಿಸಿ. ಮಧ್ಯೆ ಒಮ್ಮೆ ಪುಟ ಮೇಲಕ್ಕೆ ಜಿಗಿದರೂ ಬೇಡ.

ನಿದ್ದೆ ಮತ್ತು ಸೆಲ್

ಇಪ್ಪತ್ತು ನಿಮಿಷ ಮುಟ್ಟದೆ ಬಿಟ್ಟು ನೇರ ಟೈಪ್ ಮಾಡಿ. ಸೆಲ್ ಉಳಿಸಲು ನಿದ್ದೆ ಹೋದ ಕೀಬೋರ್ಡ್ ಮೊದಲ ಅಕ್ಷರ ನುಂಗಬಹುದು. 'ಪಾಸ್‌ವರ್ಡ್ ತಪ್ಪು' ಎಂದು ಬೆಳಿಗ್ಗೆ ಬರುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಒಂದಕ್ಷರ ಸಹಿಸಬಹುದು. ಮೂರು ನಾಲ್ಕು ಹೋದರೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಆಫ್ ಮಾಡಿ ಮತ್ತೆ ನೋಡಿ. ಆಗಲೂ ಹಾಗೆಯೇ ಇದ್ದರೆ ದೋಷ ಸೆಟ್‌ನದು.

ಜೊತೆಗೆ ಬರುವ ಸೆಲ್ ರಿಮೋಟ್‌ಗೆ ಹಾಕುವ ಅಗ್ಗದ ಜಾತಿಯದಾದರೆ ಬಳಸಬೇಡಿ, ಖಾಲಿಯಾದಾಗ ಸೋರುತ್ತದೆ. ರೀಚಾರ್ಜ್ ಸೆಲ್ ಹಾಕಬಹುದು. ಅದರ ವೋಲ್ಟೇಜ್ 1.5ರ ಬದಲು 1.2 ಇರುವುದರಿಂದ ಸೆಲ್ ಮುಗಿಯಿತೆಂಬ ದೀಪ ಮೊದಲೇ ಮಿನುಗುತ್ತದೆ, ಅಷ್ಟೇ. ಊರಿಗೆ ಹೋಗುವಾಗ ಸೆಲ್ ತೆಗೆದಿಡಿ. ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕಿವಿ ಕಡ್ಡಿಯ ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಮೇಲೆ ಒಣಬಟ್ಟೆ.

ವಾಪಸ್ ಕಳಿಸುವುದೆಂದು ತೀರ್ಮಾನವಾದರೆ ಪೇಂಟ್‌ನ ಆ ಮೂರು ಸುರುಳಿಗಳನ್ನೂ ಸೇವ್ ಮಾಡಿ, ಅಂಗಡಿಯವರು ಕೇಳಿದರೆ ತೋರಿಸಬಹುದು. ಡಬ್ಬಿ ಕಟ್ಟುವ ಮೊದಲು ಸಿಪಿಯು ಹಿಂಭಾಗಕ್ಕೆ ಬಗ್ಗಿ ನೋಡಿ. ವಾಪಸ್ ಹೋದ ಸೆಟ್ ತಿರಸ್ಕೃತವಾಗಿ ಮನೆಗೆ ಬರುವುದು ಹೆಚ್ಚಾಗಿ ಡಾಂಗಲ್ ಅಲ್ಲೇ ಉಳಿದುಬಿಟ್ಟಾಗ.