ಐರ್ಲೆಂಡಿನ ‘ಟಾಯ್ನ್’ ಓದೋದು ಹೀಗೆ

ಕೊಪ್ಪಳದಲ್ಲಿ ಮಕ್ಕಳಿಗೆ ಚಿತ್ರ ಕಲಿಸುವ ನನಗೆ ಐರ್ಲೆಂಡಿನ ವೀರಕಥೆ ‘ಟಾಯ್ನ್’ ಅಂದ್ರೆ ಪ್ರಾಣ. ಕವಿ ಥಾಮಸ್ ಕಿನ್ಸೆಲ್ಲಾ ಅದನ್ನು ಹಳೆಯ ಐರಿಷ್‌ನಿಂದ ಇಂಗ್ಲಿಷಿಗೆ ತಂದರು. ಲೂಯಿ ಲ ಬ್ರೋಕಿ ಚಿತ್ರ ಬರೆದರು. 1969ರಲ್ಲಿ ಡಬ್ಲಿನ್‌ನಲ್ಲಿ ಅಚ್ಚಾಯಿತು. ಕೊಳ್ಳುವಾಗ ಚಿತ್ರಗಳಿರುವ ಪ್ರತಿಯನ್ನೇ ಕೊಳ್ಳಿ.

ಓದುವ ಮುಂಚೆ ಒಂದು ತುರುಗೋಳ್ ವೀರಗಲ್ಲಿನ, ಅಂದ್ರೆ ದನಗಳಿಗಾಗಿ ಕಾದಿ ಸತ್ತವನ ನೆನಪಿನ ಕಲ್ಲಿನ ಮುಂದೆ ನಿಲ್ಲಿ. ಕೆಳಗೆ ದನ, ಕಾದಾಟ. ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ. ‘ಟಾಯ್ನ್’ ಕೂಡ ದನಕ್ಕಾಗಿ ನಡೆದ ಯುದ್ಧವೇ. ಗಂಡನ ಬಿಳಿಕೊಂಬಿನ ಹೋರಿಗೆ ಸರಿಸಮನಾದದ್ದು ತನಗೂ ಬೇಕೆಂದು ರಾಣಿ ಮೇವ್, ಅಲ್ಸ್ಟರ್ ಸೀಮೆಯ ಕಂದು ಹೋರಿಗಾಗಿ ದಂಡು ಹೊರಡಿಸುತ್ತಾಳೆ. ಎದುರು ನಿಲ್ಲುವವನು 17ರ ಹುಡುಗ ಕೂ ಹುಲಿನ್, ಒಬ್ಬನೇ.

ಉಳಿದ ಗಂಡಸರೆಲ್ಲಿ? ಅದಕ್ಕೇ ಮಾಖಾಳ ಕಥೆಯನ್ನು ಮೊದಲು ಓದಿ. ತುಂಬು ಬಸುರಿಯನ್ನು ರಾಜನ ಕುದುರೆಗಳ ಜೊತೆ ಓಡಿಸುತ್ತಾರೆ. ಅವಳು ಗೆದ್ದು, ಅಲ್ಲೇ ಅವಳಿ ಹೆತ್ತು, ಶಾಪ ಕೊಡುತ್ತಾಳೆ: ಕಷ್ಟಕಾಲದಲ್ಲಿ ಅಲ್ಸ್ಟರ್ ಗಂಡಸರಿಗೆ ಹೆರಿಗೆನೋವು, ಒಂಬತ್ತು ತಲೆಮಾರು. ಇದನ್ನು ಬಿಟ್ಟರೆ ಮುಂದಿನದು ಅರ್ಧಂಬರ್ಧವೇ ಅರ್ಥ ಆಗೋದು. ಹೆಸರುಗಳು ಜಾಸ್ತಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಚಿತ್ರ ಬಂದಾಗ ನಿಲ್ಲಿ. ಬಿಳಿ ಹಾಳೆ, ಕಪ್ಪು ಮಸಿ, ಅಷ್ಟೇ. ನಮ್ಮ ಕಿನ್ನಾಳ ಗೊಂಬೆಗಳ ಕೆಂಪು ಹಳದಿ ನೋಡಿ ಬೆಳೆದ ಮಕ್ಕಳು ‘ಸರ್, ಕಣ್ಣೆಲ್ಲಿ, ಮೂಗೆಲ್ಲಿ?’ ಅಂತಾರೆ. ಹುಡುಕಬೇಡಿ. ಪುಸ್ತಕವನ್ನು ತೋಳಳತೆ ದೂರ ಹಿಡಿಯಿರಿ. ದಂಡಿನ ಚಿತ್ರದಲ್ಲಿ ಚೆಲ್ಲಿದ ಸಾಸಿವೆ ಹಾಗೆ ಕಾಣುವ ಚುಕ್ಕೆಗಳೇ ಆಳುಗಳಾಗಿ ನಡೆಯಲು ಶುರುಮಾಡುತ್ತವೆ.

ಮೇವ್ ಕಡೆಯಿಂದ ಕಾದಲು ಬರುವ ಫರ್ಡಿಯಾನ ಭಾಗವನ್ನು ಮಾತ್ರ ಗಟ್ಟಿಯಾಗಿ, ನಿಧಾನಕ್ಕೆ ಓದಿ. ಅವನೂ ಕೂ ಹುಲಿನ್‌ನೂ ಒಬ್ಬ ಗುರುವಿನ ಕೈಯಲ್ಲಿ ಕಲಿತವರು, ಆ ಗುರು ಹೆಂಗಸು, ಸ್ಕಾಹಾಖ್. ಹಗಲೆಲ್ಲ ಹೊಳೆ ದಾಟುವ ಜಾಗದಲ್ಲಿ ಇರಿದಾಡುತ್ತಾರೆ. ಸಂಜೆ ಅಪ್ಪಿಕೊಳ್ಳುತ್ತಾರೆ. ಕೂ ಹುಲಿನ್ ಗಾಯಕ್ಕೆ ಸೊಪ್ಪು ಕಳಿಸುತ್ತಾನೆ, ಫರ್ಡಿಯಾ ಊಟ ಕಳಿಸುತ್ತಾನೆ. ಇಬ್ಬರ ಕುದುರೆಗಳು ಒಂದೇ ಕಡೆ, ಸಾರಥಿಗಳು ಒಂದೇ ಬೆಂಕಿಯ ಸುತ್ತ. ಮೂರನೇ ಸಂಜೆ ಇದ್ಯಾವುದೂ ಇಲ್ಲ. ಅಲ್ಲಿ ಓದು ನಿಲ್ಲಿಸಿ, ಮಕ್ಕಳ ಕೈಗೆ ಕುಂಚ ಕೊಡಿ. ಮಸಿಯಲ್ಲಿ ಒಮ್ಮೆ ಅದ್ದಿ, ಆ ಇಬ್ಬರನ್ನು ಬರೆಯಲಿ. ಪೆನ್ಸಿಲ್ ಬೇಡ, ರಬ್ಬರಂತೂ ಬೇಡವೇ ಬೇಡ. ಬರೆದಾದ ಮೇಲೆ ನಾಲ್ಕನೇ ದಿನದ್ದು ಓದಿ.

ಎರಡನೇ ಸಲಕ್ಕೆ ಕಿಯರನ್ ಕಾರ್ಸನ್ ಅವರ 2007ರ ಅನುವಾದ ಜೊತೆಗಿರಲಿ. ಫರ್ಡಿಯಾನ ಭಾಗವನ್ನು ಎರಡರಲ್ಲೂ ಅಕ್ಕಪಕ್ಕ ಇಟ್ಟು ಓದಿ.