ಹಾನ್ಲೆಯ ಗೂಬೆ ತಿಂದದ್ದೇನು?

ನಾನು ಈ ಕೆಲಸ ಕಲಿತದ್ದು ನಮ್ಮೂರಿನ ದೇವಸ್ಥಾನದ ಗೋಪುರದ ಕೆಳಗೆ. ಕಣಜಗೂಬೆ ಇಲಿಯನ್ನು ಇಡೀ ನುಂಗುತ್ತದೆ, ಮಾಂಸ ಕರಗುತ್ತದೆ, ಕರಗದ ಕೂದಲು ಮೂಳೆ ಉಂಡೆಯಾಗಿ ಬಾಯಿಂದಲೇ ವಾಪಸ್ ಬರುತ್ತದೆ. ಅದನ್ನು ಬಿಡಿಸಿದರೆ ರಾತ್ರಿ ಊಟ ಏನಿತ್ತು ಅಂತ ಗೊತ್ತಾಗುತ್ತದೆ.

ಲಡಾಖಿನ ಹಾನ್ಲೆಗೆ ಸಂಶೋಧಕರ ತಂಡದ ಜೊತೆ ಸಹಾಯಕನಾಗಿ ಹೋದಾಗ, ಇದೂ ಅದೇ ಕೆಲಸ ಅಲ್ವಾ ಅಂದುಕೊಂಡಿದ್ದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ದೂರದರ್ಶಕ ಇರುವುದು ಇಲ್ಲೇ, 4,500 ಮೀಟರ್ ಎತ್ತರದ ಗುಡ್ಡದ ಮೇಲೆ. ಮರ ಅಪರೂಪ. ಹಾಗಾಗಿ ಇಲ್ಲಿನ ದೊಡ್ಡ ಕೊಂಬಿನ ಗೂಬೆ, ಅಂದರೆ ಯುರೇಷಿಯನ್ ಈಗಲ್ ಔಲ್, ಬಂಡೆಯ ಸಂದಿಯಲ್ಲೇ ಕೂರುತ್ತದೆ, ಅಲ್ಲೇ ಮರಿ ಮಾಡುತ್ತದೆ. ಮರಿಗಳು ಹಾರಿಹೋದ ಮೇಲಷ್ಟೇ ನಾವು ಬಂಡೆಯ ಬುಡಕ್ಕೆ ಹೋದೆವು.

ಒಣ ಗಾಳಿಗೆ ಉಂಡೆಗಳು ಹಾಗೇ ಉಳಿದಿದ್ದವು. ಮೊದಲನೆಯದನ್ನು ಒಣಗಿದ್ದಂತೆಯೇ ಚಿಮಟದಿಂದ ಬಿಡಿಸಿದೆ, ದವಡೆ ಪುಡಿಯಾಯಿತು. ತುಂಬಾ ಬೇಜಾರಾಯಿತು. ಆಮೇಲಿಂದ ಪ್ರತಿಯೊಂದನ್ನೂ ಬೆಚ್ಚಗಿನ ನೀರಲ್ಲಿ ನೆನೆಸಿ, ಕೂದಲು ತಾನಾಗಿ ಸಡಿಲವಾಗುವವರೆಗೆ ಕಾದೆ. ಗ್ಲೌಸ್, ಮಾಸ್ಕ್ ಹಾಕದೆ ಮಾತ್ರ ಮುಟ್ಟಬೇಡಿ.

ಊರಲ್ಲಿ ಇಡೀ ತಲೆಬುರುಡೆ ಸಿಗುತ್ತಿತ್ತು. ಇಲ್ಲಿ ಜಾಸ್ತಿ ಚೂರುಗಳೇ, ಯಾಕೆಂದರೆ ಈ ಗೂಬೆ ದೊಡ್ಡ ಬೇಟೆಯನ್ನು ಹರಿದು ತಿನ್ನುತ್ತದೆ. ಒಂದು ಚೂರನ್ನು ಇಲಿಯದ್ದು ಅಂತ ಬರೆದಿಟ್ಟಿದ್ದೆ. ರಾತ್ರಿ ಲೆನ್ಸ್ ಹಿಡಿದು ಮತ್ತೆ ನೋಡಿದರೆ, ಮೇಲಿನ ಬಾಚಿಹಲ್ಲಿನ ಹಿಂದೆ ಕಡ್ಡಿಯ ತುದಿಯಂಥ ಇನ್ನೊಂದು ಪುಟ್ಟ ಹಲ್ಲು! ಇಲಿಗೆ ಅದು ಇರುವುದಿಲ್ಲ. ಇರುವುದು ಮೊಲದ ಕುಲಕ್ಕೆ. ಈ ಗಾತ್ರಕ್ಕೆ ಅದು ಪೈಕಾನೇ, ಕಿವಿ ಗುಂಡಗಿರುವ, ಬಾಲವೇ ಕಾಣದ, ಮೊಲದ ಪುಟ್ಟ ನೆಂಟ. ವೋಲ್ ಇಲಿಯಾದರೆ ದವಡೆಹಲ್ಲಿನ ಮೇಲೆ ಅಂಕುಡೊಂಕು ಗೆರೆ ಇರುತ್ತದೆ, ಅದನ್ನು ಗುರುತಿಸುವುದು ಸುಲಭ.

ಎಣಿಸುವಾಗ ಎಡ ಕೆಳದವಡೆಗಳನ್ನು ಮಾತ್ರ ಎಣಿಸಿದೆ. ಇಲ್ಲದಿದ್ದರೆ ಒಂದೇ ಪ್ರಾಣಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನಮ್ಮ ತಟ್ಟೆಯಲ್ಲಿ ಪೈಕಾಗಳೇ ಜಾಸ್ತಿ, ಆಮೇಲೆ ವೋಲ್, ಅಲ್ಲೊಂದು ಇಲ್ಲೊಂದು ಹಕ್ಕಿ ಮೂಳೆ. ಮಾರ್ಮಟ್, ಅಂದರೆ ಅಳಿಲಿನ ದಪ್ಪ ನೆಂಟ, ಚಳಿಗಾಲವಿಡೀ ಬಿಲದೊಳಗೆ ಮಲಗಿಬಿಡುತ್ತದೆ. ಪೈಕಾ ಮಲಗುವುದಿಲ್ಲ, ಹಿಮದಲ್ಲೂ ಓಡಾಡುತ್ತದೆ. ಆ ಚಳಿಯಲ್ಲಿ ಗೂಬೆಗೆ ಇನ್ನೇನು ಸಿಗಬೇಕು ಹೇಳಿ?

ಹೊರಡುವ ದಿನ ಬಯಲಲ್ಲಿ ಪೈಕಾ ಬಿಲಗಳ ಮೇಲೆಯೇ ಜೀಪಿನ ಚಕ್ರದ ಗುರುತು ಕಂಡಿತು, ನೇರ ಗೂಬೆಯ ಬಂಡೆಯ ಕಡೆಗೆ. ಫೋಟೋಗೆ ಬಂದವರದ್ದೇ ಇರಬೇಕು. ದಯವಿಟ್ಟು ದಾರಿಯಲ್ಲೇ ಗಾಡಿ ನಿಲ್ಲಿಸಿ, ಅಲ್ಲಿಂದ ನಡೆದು ಹೋಗಿ.